ಮೂರಿಂಚು ತಗ್ಗಿದ ಕಾರು

ಆಗಸ್ಟ್ 3, ಭಾನುವಾರ

ಕ್ಷಮಿಸಿ. ಬರೆಯುತ್ತಿರುವುದಕ್ಕೇ ಕ್ಷಮೆ ಕೇಳಬೇಕು, ಏಕೆಂದರೆ ಈ ಪುಸ್ತಕ ನನ್ನದಲ್ಲ, ಕಾರಿನದು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಟಾರ್ಚು, ಸುಟ್ಟ ಫ್ಯೂಸು, ಹಲ್ಲು ಮುರಿದ ಬಾಚಣಿಗೆ ಇವುಗಳ ಕೆಳಗೆ ಸಿಕ್ಕಿತು. ಮುಕ್ಕಾಲು ಭಾಗ ಅಪ್ಪನ ಕೈಬರಹ, ಉಳಿದದ್ದು ಖಾಲಿ. ಖಾಲಿ ಹಾಳೆ ವೇಸ್ಟ್ ಮಾಡಬಾರದು ಎಂದು ಹಾಸ್ಟೆಲಿನಲ್ಲಿ ಎಂಟು ವರ್ಷ ಹೇಳಿಸಿಕೊಂಡಿದ್ದೇನೆ. ಇನ್ನೊಬ್ಬರ ವಸ್ತು ಮುಟ್ಟಬಾರದು ಎಂದೂ ಹೇಳಿಸಿಕೊಂಡಿದ್ದೇನೆ. ಎರಡರಲ್ಲಿ ಯಾವುದು ಮೊದಲು ಎಂದು ಯಾರೂ ಹೇಳಿಕೊಡಲಿಲ್ಲ. ಯಾರೂ ಇದನ್ನು ಓದದಿರಲಿ. ಓದಿದರೆ, ಸಾರಿ.

ಅಂಗಳದಲ್ಲಿ ನಿಂತ ಕಾರಿನೊಳಗೆ ಕೂತು ಬರೆಯುತ್ತಿದ್ದೇನೆ. ಇಲ್ಲಿ ಕೂತರೆ ಯಾರಿಗೂ ಅಡ್ಡ ಆಗುವುದಿಲ್ಲ. ಈ ಮನೆಗೆ ಬಂದು ಎರಡು ತಿಂಗಳಾಯಿತು. ಕಾಲೇಜು ಬಸ್ಸಿಗೆ ಇಪ್ಪತ್ತು ನಿಮಿಷ, ಹಾಗಾಗಿ ಹಾಸ್ಟೆಲಿನ ಅಗತ್ಯ ಇಲ್ಲ ಎಂದರು. ಇಲ್ಲಿ ಬೆಲ್ ಹೊಡೆಯುವುದಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಏನು ಮಾಡಬೇಕೋ ಗೊತ್ತಾಗದೆ ಹಾಸಿಗೆಯ ತುದಿಯಲ್ಲಿ ಕೂತಿರುತ್ತೇನೆ. ಇವತ್ತು “ಸ್ನಾನಕ್ಕೆ ಹೋಗಬಹುದಾ?” ಎಂದು ಕೇಳಿದೆ. ಅಮ್ಮ ಹೊಲಿಗೆ ಮಷಿನ್ನಿನಿಂದ ತಲೆಯೆತ್ತಿ, “ಅರ್ಜಿ ಬರ್ಕೊಂಡು ಬಾ, ನೋಡೋಣ” ಅಂದಳು. ಜೋಕು ಎಂದು ತಿಳಿಯಲು ನನಗೆ ಒಂದು ನಿಮಿಷ ಬೇಕಾಯಿತು. ಅಷ್ಟರಲ್ಲಿ ಪೆನ್ನು ತರಲು ಎದ್ದಿದ್ದೆ.

ಅಪ್ಪ ಬಾಡಿಗೆ ಕಾರು ಓಡಿಸುತ್ತಿದ್ದರು, ಇದೇ ಕಾರು. ಹೋದ ನವೆಂಬರಿನಲ್ಲಿ ನೀರಿನ ಟ್ಯಾಂಕು ತೊಳೆಯಲು ಹತ್ತಿ ಏಣಿಯಿಂದ ಬಿದ್ದರು. ಸೊಂಟದ ಕೆಳಗೆ ಬಲ ಇಲ್ಲ. ತೋಳುಗಳು ಮೊದಲಿನ ಹಾಗೇ ಇವೆ. ಮಂಚದಿಂದ ಗಾಲಿಕುರ್ಚಿಗೆ ಒಂದು ನುಣುಪಾದ ಹಲಗೆ ಹಾಕಿಕೊಂಡು, ಕೈ ಊರಿ, ತಾವೇ ಜಾರಿ ಕೂರುತ್ತಾರೆ. ಆದರೆ ಆಸ್ಪತ್ರೆಯಿಂದ ಬಂದ ದಿನ ಕಾರಿನಿಂದ ಇಳಿಸಲು ಅಕ್ಕಪಕ್ಕದ ನಾಲ್ಕು ಜನ ಬೇಕಾದರಂತೆ. ಅವರಲ್ಲಿ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ “ಮೂಟೆಗಿಂತ ಹಗುರ ಬಿಡಿ” ಅಂದರಂತೆ. ಅವತ್ತಿನಿಂದ ಅಪ್ಪ ಹೊಸಲು ದಾಟಿಲ್ಲ.

ಈ ತಿಂಗಳ 31ಕ್ಕೆ ಯಾರೋ ಕಾರು ನೋಡಲು ಬರುತ್ತಾರೆ. “ಅವರು ಕೂರಲ್ಲ, ನನಗೆ ಓಡಿಸೋಕೆ ಬರಲ್ಲ. ಬಿಸಿಲಲ್ಲಿ ನಿಂತು ತುಕ್ಕು ಹಿಡಿಯೋದನ್ನ ಎಷ್ಟು ದಿನ ನೋಡ್ತಾ ಕೂರೋದು?” ಎಂದು ಅಮ್ಮ ಮೆಲುದನಿಯಲ್ಲಿ ಹೇಳಿದಳು. ಒಳಗೆ ಅಪ್ಪನಿಗೆ ಕೇಳಿಸಿತು.

ಪುಸ್ತಕದಲ್ಲಿ ಅಪ್ಪ ಬರೆದಿರುವುದು ಹೀಗೆ, ತಾರೀಖು, ಜಾಗ, ಕಿಲೋಮೀಟರು:

ಜೂನ್ 6. ಹಾಸ್ಟೆಲ್. 284. ಗೇಟಿನವರೆಗೂ ಅತ್ತಳು. ಆಯಿಲ್ ಕಡಿಮೆ.
ಅಕ್ಟೋಬರ್ 19. ಹಾಸ್ಟೆಲ್. 284. ಸ್ವಲ್ಪ ಅತ್ತಳು. ಹಿಂದಿನ ಎಡ ಟೈರು ಗಾಳಿ.
ಜನವರಿ 4. ಹಾಸ್ಟೆಲ್. 284. ಅಳಲಿಲ್ಲ. ವಾಪಸ್ ಬರುವಾಗ ಸೇತುವೆ ಪಕ್ಕ ಅರ್ಧ ಗಂಟೆ ನಿಲ್ಲಿಸಿದೆ.

ಸೇತುವೆ ಹತ್ತಿರ ಎಂಜಿನ್ ಬಿಸಿಯಾಗಿರಬೇಕು. ಕಾರಣ ಬರೆಯಬೇಕಿತ್ತು, ಬರೆದಿಲ್ಲ.

ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಮನೆಗೆ ಪತ್ರ ಬರೆಯುವುದು ಕಡ್ಡಾಯ. ಕೊನೆಯ ಸಾಲು ಬೋರ್ಡಿನ ಮೇಲೆಯೇ ಇರುತ್ತಿತ್ತು: ಬೇಗ ಉತ್ತರ ಬರೆಯಿರಿ. ನಾವು ನಕಲು ಮಾಡುತ್ತಿದ್ದೆವು. ಅಪ್ಪ ಒಂದು ಪತ್ರಕ್ಕೂ ಉತ್ತರ ಬರೆಯಲಿಲ್ಲ. ತಿಂಗಳ ಕೊನೆಗೆ ಈ ಕಾರು ಗೇಟಿನ ಮುಂದೆ ಬಂದು ನಿಲ್ಲುತ್ತಿತ್ತು, ಅಷ್ಟೆ.

ಆಗಸ್ಟ್ 5, ಮಂಗಳವಾರ

ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಸರ್ ನನ್ನ ರೋಲ್ ನಂಬರ್ ಕರೆದರು. ಉತ್ತರ ಗೊತ್ತಿತ್ತು. ಎದ್ದು ನಿಂತೆ. ಬಾಯಿ ತೆರೆದರೆ ಗಾಳಿ ಬಂತು. “ಕೂತ್ಕೋಮ್ಮ” ಅಂದರು. ಮಧ್ಯಾಹ್ನದ ಡಬ್ಬಿಯನ್ನು ಲೈಬ್ರರಿಯ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿಂದೆ. ಮನೆಯಲ್ಲಿ “ಫ್ರೆಂಡ್ಸ್ ಆದ್ರಾ?” ಎಂದು ಕೇಳಿದಾಗ “ಹೂಂ, ತುಂಬಾ” ಅಂದೆ.

ಆಗಸ್ಟ್ 10, ಭಾನುವಾರ

ಇವತ್ತು ಒಂದು ಐಡಿಯಾ ಬಂತು. ತಪ್ಪಿರಬಹುದು. ತಪ್ಪೇ ಇರಬೇಕು. ಆದರೂ ಬರೆಯುತ್ತೇನೆ.

ಭಾನುವಾರ ಅಮ್ಮ ಅಪ್ಪನ ಹಾಸಿಗೆ ಬಟ್ಟೆ, ಕುರ್ಚಿಯ ಮೆತ್ತೆ ಎಲ್ಲ ಒಗೆದು ಹಿತ್ತಲಿನ ತಂತಿಯ ಮೇಲೆ ಹಾಕುತ್ತಾಳೆ. ಅಪ್ಪ ಮಧ್ಯಾಹ್ನದವರೆಗೆ ಮಂಚದ ಮೇಲೆಯೇ ಇರುತ್ತಾರೆ. ನಾನು ನೆಲ ಒರೆಸುತ್ತಿದ್ದೆ. ಮಂಚದ ಕಾಲುಗಳ ತುದಿ ಹಸಿ ಮರದ ಹಾಗೆ ಬಿಳಿಯಾಗಿರುವುದು ಕಂಡಿತು.

“ಅಮ್ಮಾ, ಮಂಚದ ಕಾಲು ಯಾರು ಕತ್ತರಿಸಿದ್ದು?”

“ಬಡಗಿ. ಮಂಚ ಎತ್ತರ ಇತ್ತು, ಕುರ್ಚಿ ತಗ್ಗು. ಹಲಗೆ ಮೇಲೆ ಇವರು ಇಳಿಜಾರಲ್ಲಿ ಜಾರಿದ ಹಾಗೆ ಜಾರೋರು, ವಾಪಸ್ ಹತ್ತೋಕೆ ಆಗ್ತಿರ್ಲಿಲ್ಲ. ನಾಲ್ಕು ಬೆರಳು ತೆಗೆಸಿದೆ. ಸಮ ಆಯ್ತು.” ಕತ್ತರಿಸಿದ ನಾಲ್ಕು ತುಂಡುಗಳನ್ನೂ ಮಷಿನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾಳೆ. ಯಾವುದಕ್ಕಾದರೂ ಬರುತ್ತದಂತೆ.

ಹಾಗಾದರೆ ಕಾರಿನ ಕಾಲು ಏಕೆ ಕತ್ತರಿಸಬಾರದು?

ಟೇಪು ತೆಗೆದುಕೊಂಡು ಖಾಲಿ ಕುರ್ಚಿಯ ಎತ್ತರ ಅಳೆದೆ. ಅಂಗಳಕ್ಕೆ ಹೋಗಿ ಕಾರಿನ ಮುಂದಿನ ಸೀಟು ಅಳೆದೆ. ಎರಡೆರಡು ಸಲ. ಸೀಟು ಮೂರು ಇಂಚು ಎತ್ತರ. ಕಾರು ಮೂರು ಇಂಚು ಇಳಿದರೆ ಅಪ್ಪ ಹಲಗೆಯ ಮೇಲೆ ತಾವೇ ಜಾರಿ ಕೂರಬಹುದು, ತಾವೇ ಇಳಿಯಬಹುದು. ಯಾರೂ ಎತ್ತಬೇಕಾಗಿಲ್ಲ.

ಅಮ್ಮನಿಗೆ ಹೇಳಿದೆ. ಮಷಿನ್ನು ನಿಂತಿತು.

“ಮಾರೋ ಕಾರಿಗೆ ಯಾರಾದ್ರೂ ದುಡ್ಡು ಸುರಿತಾರಾ?”

“ಹಾಸ್ಟೆಲ್ ಡಿಪಾಸಿಟ್ ವಾಪಸ್ ಬಂದಿದೆಯಲ್ಲ. ಅದು ಮಾತ್ರ. ಅದಕ್ಕಿಂತ ಹೆಚ್ಚಾದರೆ ಬೇಡ. ಪ್ಲೀಸ್.”

ಅಮ್ಮ ಸೂಜಿಗೆ ದಾರ ಪೋಣಿಸಿದಳು. ಪೋಣಿಸಿಯೇ ಇದ್ದ ಸೂಜಿಯಿಂದ ದಾರ ತೆಗೆದು ಮತ್ತೆ ಪೋಣಿಸಿದಳು. “ಹಳೇ ಸಾಮಾನು ಬಿಸಾಕಬಾರದು. 31ಕ್ಕೆ ಅವರು ಕೂರದಿದ್ರೆ ಎಲ್ಲ ಮೊದಲಿನ ಹಾಗೇ ಹಾಕಿಸ್ಬೇಕು. ಬಂದೋರಿಗೆ ಕೊಟ್ಟು ಕಳಿಸ್ತೀನಿ. ಆಮೇಲೆ ಅತ್ರೆ ನಾನು ಕೇಳಲ್ಲ.”

ಥ್ಯಾಂಕ್ ಯೂ ಅಂದೆ. “ಥ್ಯಾಂಕ್ಯೂ ಅಂತೆ” ಎಂದು ಮಷಿನ್ನಿಗೆ ಹೇಳಿದಳು.

ಆಗಸ್ಟ್ 13, ಬುಧವಾರ

ಗಡ್ಡ ಮಾಮನ ಗ್ಯಾರೇಜು. ಅಪ್ಪನ ಹಳೆಯ ಗೆಳೆಯರು. ಗಡ್ಡ ಇಲ್ಲ. ಯಾವಾಗಲೋ ಇತ್ತಂತೆ. ಒಳಗೆ ಹೋಗುವ ಮೊದಲು ಏನು ಹೇಳಬೇಕು ಎಂದು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡಿದ್ದೆ. ಓದಿದೆ.

“ಭಾಷಣ ಮುಗೀತಾ?” ಅಂದರು. “ಸ್ಪ್ರಿಂಗ್ ಕತ್ತರಿಸಿಬಿಡೋಣ ಅಂತೀಯಾ?”

“ಮಂಚದ ಕಾಲು ಕತ್ತರಿಸಿದ ಹಾಗೆ.”

“ಮಂಚ ಗುಂಡಿ ಹಾರಲ್ಲ ಕಣೇ. ಒಂದು ಸುತ್ತು ಕತ್ತರಿಸಿದ್ರೆ ಸ್ಪ್ರಿಂಗ್ ಗಿಡ್ಡ ಆಗೋದಷ್ಟೇ ಅಲ್ಲ, ಬಿರುಸೂ ಆಗುತ್ತೆ. ಗುಂಡೀಲಿ ಗಾಲಿ ಇಳಿದಾಗ ಜಾಗ ಬಿಟ್ಟು ಆಚೆ ಬಂದ್ರೂ ಬಂತು. ಪಡ್ಡೆ ಹುಡುಗರು ಮಾಡಿಸ್ತಾರೆ, ನಾನು ಮಾಡಲ್ಲ. ಅದರಲ್ಲೂ ಅವನು ಕೂರೋ ಕಾರಿಗೆ!” ಅವರು ಹೇಳಿದ ದಾರಿ: ಅದೇ ಕಂಪನಿಯ ತಗ್ಗು ಕಾರಿನ ಸ್ಪ್ರಿಂಗು ಇದಕ್ಕೆ ಸರಿಯಾಗಿ ಕೂರುತ್ತದೆ, ಎರಡಿಂಚು ಇಳಿಯುತ್ತದೆ. ಗುಜರಿಯಿಂದ ನಾಲ್ಕರ ಒಂದು ಸೆಟ್ಟು ಬಂದು ಅವರ ಮೂಲೆಯಲ್ಲೇ ಬಿದ್ದಿದೆ. ಉಳಿದ ಒಂದಿಂಚು ಚಕ್ರದಲ್ಲಿ ತೆಗೆಯಬೇಕು. ಚಕ್ರ ಎರಡಿಂಚು ಸಣ್ಣದಾದರೆ ಕಾರು ಒಂದೇ ಇಂಚು ಇಳಿಯುತ್ತದೆ, ಏಕೆಂದರೆ ಇನ್ನೊಂದು ಇಂಚು ಆಕ್ಸಲಿನ ಮೇಲ್ಗಡೆಯದು. ಇದನ್ನು ನಾನೇ ಹೇಳಿದೆ. ಗಡ್ಡ ಮಾಮ “ಓಹೋ” ಅಂದರು.

“ಅವನಿಗೆ ಹೇಳಿದ್ಯಾ?”

“ಇಲ್ಲ. ಹೇಳಬೇಕಾ?”

“ಹೇಳಿದ್ರೆ ಬೇಡ ಅಂತಾನೆ. ಅವನಿಗೋಸ್ಕರ ಒಂದು ಲೋಟ ನೀರು ತಂದ್ರೂ ಬೇಡ ಅಂತಾನೆ. ಸ್ಟೈಲಿಗೆ ಅಂತ ಹೇಳು.”

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಕಲಿಯುತ್ತೇನೆ.

ನನ್ನ ಹತ್ತಿರ ಎಲ್ ಲೈಸೆನ್ಸ್ ಇದೆ ಎಂದು ಕೇಳಿ ಅವರಿಗೆ ಆಶ್ಚರ್ಯ. ಜೂನಿನಲ್ಲಿ ಪರೀಕ್ಷೆ ಬರೆದಿದ್ದೆ. ಹಾಸ್ಟೆಲ್ ಬಿಟ್ಟ ಮೇಲೆ ಮಾಡಿದ ಒಂದೇ ಧೈರ್ಯದ ಕೆಲಸ. “ಎಲ್ ಬೋರ್ಡಿನವರ ಪಕ್ಕ ಲೈಸೆನ್ಸ್ ಇರೋರು ಕೂತಿರ್ಬೇಕು, ಗೊತ್ತಲ್ಲ? ಸದ್ಯಕ್ಕೆ ನಾನು ಕೂರ್ತೀನಿ” ಅಂದರು. ಗ್ಯಾರೇಜಿನ ಹಿಂದಿನ ಖಾಲಿ ಜಾಗದಲ್ಲಿ ಅವರ ವ್ಯಾನನ್ನು ಮೂರು ಸುತ್ತು ಓಡಿಸಿದೆ. ಹನ್ನೊಂದು ಸಲ ಎಂಜಿನ್ ಆಫ್ ಆಯಿತು.

ಆಗಸ್ಟ್ 16, ಶನಿವಾರ

ಗುಜರಿಗೆ ಹೋದೆವು. ಗೋಡೆಯ ಎತ್ತರಕ್ಕೆ ಚಕ್ರಗಳು, ಬಾಗಿಲುಗಳ ರಾಶಿ, ಸೀಟುಗಳ ರಾಶಿ, ಕನ್ನಡಿಗಳೆಲ್ಲ ಒಂದು ಬಕೆಟ್ಟಿನಲ್ಲಿ. ನಡುವೆ ಬಸ್ಸಿನ ಸೀಟಿನ ಮೇಲೆ ಗುಜರಿ ಅಕ್ಕ. ಗಡ್ಡ ಮಾಮ ಬೇಕೆಂದೇ ಹಿಂದೆ ನಿಂತು ಕಿವಿ ಕೆರೆದುಕೊಳ್ಳುತ್ತಿದ್ದರು. ನಾನೇ ಮಾತನಾಡಬೇಕಾಯಿತು.

“ಸಣ್ಣ ಚಕ್ರ ಇದ್ಯಾ, ಪ್ಲೀಸ್?”

“ಸಣ್ಣದಾ? ಇಲ್ಲಿಗೆ ಬರೋರೆಲ್ಲ ದೊಡ್ಡದು ಕೊಡಿ ದೊಡ್ಡದು ಕೊಡಿ ಅಂತಾರೆ. ನಿನ್ನ ಕಾರಿಗೇನು, ಮೇಲಿಂದ ನೋಡಿದ್ರೆ ತಲೆ ಸುತ್ತುತ್ತಾ?”

ನಾಲ್ಕು ತೋರಿಸಿದಳು, ಅರ್ಧ ಸವೆದ ಟೈರುಗಳ ಸಮೇತ. ಒಂದೊಂದನ್ನೇ ಸಿಮೆಂಟು ನೆಲದ ಮೇಲೆ ಉರುಳಿಸಿ ನೋಡಬೇಕು ಎಂದು ಗಡ್ಡ ಮಾಮ ಮೊದಲೇ ಹೇಳಿಕೊಟ್ಟಿದ್ದರು. ಮೂರು ನೆಟ್ಟಗೆ ಹೋದವು. ನಾಲ್ಕನೆಯದು ಕುಡಿದವರ ಹಾಗೆ ಹೋಯಿತು.

“ಸಾರಿ ಅಕ್ಕಾ, ಇದು ಕುಣೀತಿದೆ.”

“ಸಾರಿ ಯಾರಿಗೆ, ಚಕ್ರಕ್ಕಾ ನನಗಾ?”

“ನಿಮಗೆ. ಚಕ್ರ ಬೆಂಡಾಗಿದೆ. ಬೇರೆ ಕೊಡಿ.”

“ಅಬ್ಬಾ! ಬಾಯಿ ಇದೆ ಹುಡುಗಿಗೆ” ಎಂದು ಎದ್ದು ಹೋಗಿ ಇನ್ನೊಂದು ತಂದಳು. ಅಳತೆ ಅದೇ, ನಾಲ್ಕು ತೂತಿನ ಅಂತರವೂ ಅದೇ, ಆದರೆ ಡಿಸೈನು ಬೇರೆ. ಮೂರು ಒಂದೇ ತಾಯಿಯ ಮಕ್ಕಳು, ನಾಲ್ಕನೆಯದು ಚಿಕ್ಕಮ್ಮನ ಮಗ. ನಮ್ಮ ಬಜೆಟ್ಟಿಗೆ ಅದೇ ಸರಿ. ಬೆಲೆ ಹೇಳಿದಳು. ಬೇರೆ ಡಿಸೈನಿನದು ಅರ್ಧ ಬೆಲೆಗೆ ಆಗಬೇಕು ಎಂದು ಯಾರೋ ಅಂದರು. ಆಮೇಲೆ ನೋಡಿದರೆ ಅಂದದ್ದು ನಾನೇ.

ವಾಪಸ್ ಬರುವಾಗ ವ್ಯಾನನ್ನು ನಾನೇ ಓಡಿಸಿದೆ. ಎರಡು ಸಲ ಆಫ್ ಆಯಿತು.

ಆಗಸ್ಟ್ 19, ಮಂಗಳವಾರ

ಸರ್ ಸ್ಪ್ರಿಂಗಿನ ಬಗ್ಗೆ ಕೇಳಿದರು. ಕತ್ತರಿಸಿದರೆ ಬಿರುಸಾಗುತ್ತದೆ ಅಂದೆ. ಏಕೆ ಎಂದರು. ಉಳಿದ ಸುತ್ತುಗಳ ಪಾಲಿಗೆ ಹೆಚ್ಚು ಕೆಲಸ ಬೀಳುತ್ತದೆ ಅಂದೆ. ಪಕ್ಕದ ಬೆಂಚಿನವಳು “ನೀನು ಮಾತಾಡ್ತೀಯಾ!” ಅಂದಳು. ಮಧ್ಯಾಹ್ನ ಅವಳ ಜೊತೆ ಊಟ. ಅವಳಿಗೆ ಚಕ್ರದ ಕಥೆ ಪೂರ್ತಿ ಬೇಕಂತೆ. ಬ್ರೇಕಿಗೂ ಸಣ್ಣ ಚಕ್ರಕ್ಕೂ ನಡುವೆ ಪೆನ್ಸಿಲ್ ತೂರುವಷ್ಟು ಜಾಗ ಇರಬೇಕು ಎಂದು ಹೇಳುತ್ತಾ ಹೇಳುತ್ತಾ ಬೆಲ್ ಆಯಿತು.

ಆಗಸ್ಟ್ 23, ಶನಿವಾರ

ಕೆಲಸ ಮುಗಿಯಿತು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕು. ಹಳೆಯ ಸ್ಪ್ರಿಂಗು ಬಿಚ್ಚುವಾಗ ಗಡ್ಡ ಮಾಮ ಎಷ್ಟು ಜೋಪಾನ ಎಂದರೆ, ಅದನ್ನು ಕ್ಲಾಂಪಿನಲ್ಲಿ ಅದುಮಿ ಹಿಡಿದು, ನನ್ನನ್ನು ಬಾಗಿಲಾಚೆ ನಿಲ್ಲಿಸಿದರು. ಹೊಸದು (ಎಂದರೆ ಹಳೆಯದೇ, ನಮಗೆ ಹೊಸದು) ಕೂತಿತು. ಚಕ್ರ ಹಾಕಿ ಜಾಕು ಇಳಿಸಿದಾಗ ಕಾರು ಉಸಿರು ಬಿಟ್ಟ ಹಾಗೆ ಕೆಳಗೆ ಬಂತು. ಪೆನ್ಸಿಲ್ ತೂರಿತು. ಅಳೆದೆ. ಸರಿಯಾಗಿ ಮೂರು ಇಂಚು. ಗಡ್ಡ ಮಾಮನನ್ನು ತಬ್ಬಿಕೊಂಡುಬಿಟ್ಟೆ. ಗ್ರೀಸು ಆಯಿತು.

ಮನೆಗೆ ತಂದಾಗ ಸದ್ದು ಕೇಳಿ ಅಪ್ಪ ಕುರ್ಚಿಯಲ್ಲಿ ಕಿಟಕಿಗೆ ಬಂದಿದ್ದರು. ನೋಡಿದರು.

“ಏನಿದು?”

“ಸ್ಟೈಲು, ಅಪ್ಪಾ.”

ಅವರ ಮುಖ ನೋಡಲಾಗಲಿಲ್ಲ. “ಹನ್ನೊಂದು ವರ್ಷ ಒಂದು ಗೀರು ಬೀಳದ ಹಾಗೆ ನೋಡ್ಕೊಂಡಿದ್ದೆ” ಅಂದರು. ಜೋರಾಗಿ ಅಲ್ಲ. “ನಾನು ಕೂತಿದ್ದು ಸಾಲದು ಅಂತ ಅದನ್ನೂ ಕೂರಿಸಿಬಿಟ್ರಾ?”

ಕಿಟಕಿಯ ಪರದೆ ಎಳೆದರು.

ಗಡ್ಡ ಮಾಮ ಚಪ್ಪಲಿ ನೋಡುತ್ತಾ ನಿಂತರು. ಅಮ್ಮ ಕತ್ತರಿ ಹಿಡಿದು ಬಾಗಿಲಿಗೆ ಬಂದು ಹಾಗೇ ಒಳಗೆ ಹೋದಳು. ನಿಜ ಹೇಳಿಬಿಡಬೇಕು ಎಂದು ಬಾಗಿಲವರೆಗೆ ಹೋದೆ. ಹೇಳಲಿಲ್ಲ. ಕಾರಿನೊಳಗೆ ಬಂದು ಕೂತೆ. ಬರೆಯಲು ಏನೂ ಇಲ್ಲ.

ಆಗಸ್ಟ್ 24, ಭಾನುವಾರ

“ಬಾ ಇಲ್ಲಿ.”

ಅಪ್ಪ ಮಂಚದ ಮೇಲಿದ್ದರು. ಪರದೆ ತೆಗೆದಿತ್ತು. ಅಲ್ಲಿಂದ ಕಾರಿನ ಪಕ್ಕೆ ಪೂರ್ತಿ ಕಾಣುತ್ತದೆ.

“ಸ್ಟೈಲಿಗೆ ತಗ್ಗಿಸೋರು ದೊಡ್ಡ ಚಕ್ರ ಹಾಕ್ತಾರೆ. ಗಾಲಿ ಮಡ್‌ಗಾರ್ಡ್ ತುಂಬಬೇಕು, ಅದೇ ಸ್ಟೈಲು. ನೀನು ಸಣ್ಣದು ಹಾಕ್ಸಿದ್ದೀಯ. ಅದರಲ್ಲೂ ಒಂದು ಬೇರೆ ಡಿಸೈನು. ಕಾರು ಮಳೇಲಿ ನೆಂದ ಬೆಕ್ಕಿನ ಹಾಗೆ ಕಾಣ್ತಿದೆ. ದುಡ್ಡು ಕೊಟ್ಟು ಇಷ್ಟು ಕೆಟ್ಟದಾಗಿ ಯಾರೂ ಮಾಡ್ಸಲ್ಲ. ರಾತ್ರಿಯೆಲ್ಲ ಯೋಚಿಸಿದೆ.”

ನಾನು ನೆಲ ನೋಡುತ್ತಿದ್ದೆ.

“ಎಷ್ಟು ಇಳಿದಿದೆ?”

“ಮೂರು ಇಂಚು.”

ಅಪ್ಪ ತಮ್ಮ ಮಂಚದ ಕಾಲಿನ ಕಡೆ ಬಗ್ಗಿ ನೋಡಿದರು. ಹಿತ್ತಲಿನಲ್ಲಿ ಅಮ್ಮ ಬಟ್ಟೆ ಕೊಡವುವ ಸದ್ದು. ಆಮೇಲೆ ಅಂದರು, “ಹೊಸ ಚಕ್ರ ಹಾಕಿದ ಮೇಲೆ ಐವತ್ತು ಕಿಲೋಮೀಟರಿಗೆ ನಟ್ಟು ಮತ್ತೆ ಬಿಗಿ ಮಾಡ್ಬೇಕು. ಗಡ್ಡ ಹೇಳಿದ್ನಾ?”

“ಹೇಳಿದರು.”

“ಶನಿವಾರ ಮಧ್ಯಾಹ್ನ ಕಾಲೇಜು ಇದ್ಯಾ?”

“ಇಲ್ಲ.”

“ಅವನಿಗೂ ಬರೋಕೆ ಹೇಳು. ಬೇರೆ ಯಾರೂ ಬೇಡ.”

ಆಗಸ್ಟ್ 27, ಬುಧವಾರ

ಇನ್ನು ಮೂರು ದಿನ. ಅಪ್ಪ ಬಾಗಿಲ ಚೌಕಟ್ಟು ಹಿಡಿದು ತೋಳಿನ ವ್ಯಾಯಾಮ ಮಾಡುತ್ತಿದ್ದಾರೆ. ನಾವು ಯಾರೂ ನೋಡಿಲ್ಲ ಎಂದುಕೊಂಡಿದ್ದಾರೆ. ಅಳತೆ ಸರಿ ಇದೆಯಾ ಎಂದು ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಹಲ್ಲುಜ್ಜುವಾಗ ಯೋಚಿಸುತ್ತೇನೆ. ಸರಿ ಇದೆ. ಎರಡೆರಡು ಸಲ ಅಳೆದಿದ್ದೇನೆ.

ಆಗಸ್ಟ್ 30, ಶನಿವಾರ

ಎಲ್ಲವನ್ನೂ ಬರೆಯಬೇಕು, ಬಿಡದೆ.

ಹೊಸಲಿಗೆ ಅಮ್ಮನ ಕಟಿಂಗ್ ಟೇಬಲ್ಲಿನ ಹಲಗೆ ಇಳಿಜಾರಾಗಿ ಇಟ್ಟೆವು. ಕಾರು ಅಲುಗದ ಹಾಗೆ ನಾಲ್ಕು ಗಾಲಿಗೂ ಮಂಚದ ಕಾಲಿನ ನಾಲ್ಕು ತುಂಡುಗಳನ್ನು ಅಡ್ಡ ಕೊಟ್ಟೆವು. “ನೋಡಿದ್ಯಾ, ಬಂತು” ಅಂದಳು ಅಮ್ಮ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಒಂಬತ್ತು ತಿಂಗಳ ಮೇಲೆ ಅಂಗಳಕ್ಕೆ ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮೊದಲು ನೋಡಿದ್ದು ಟೈರು. “ಗಾಳಿ ಕಡಿಮೆ” ಅಂದರು.

ಕುರ್ಚಿಯನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿ ಬ್ರೇಕು ಹಾಕಿ, ಹಲಗೆ ಹಾಕಿದೆವು. ಅಪ್ಪ ಕೈ ಊರಿದರು. ಸರ್ರನೆ ಜಾರಿ ಒಳಗೆ. ಎರಡು ಸೆಕೆಂಡು! ಗಡ್ಡ ಮಾಮ ಸಿಳ್ಳೆ ಹಾಕಿದರು. ಅಪ್ಪ ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಡ್ಯಾಶ್‌ಬೋರ್ಡನ್ನು ಅಂಗೈಯಿಂದ ಒರೆಸಿದರು. ಡಬ್ಬಿ ತೆಗೆದರು.

“ನನ್ನ ಪುಸ್ತಕ ಎಲ್ಲಿ?”

“ನನ್ನ ಹತ್ರ ಇದೆ.”

“ಓದಿದ್ಯಾ?”

“ಬರೀತಾನೂ ಇದೀನಿ.”

ಅಪ್ಪ ಡಬ್ಬಿ ಮುಚ್ಚಿದರು. “ಕಿಲೋಮೀಟರು ಹಾಕೋದು ಮರೀಬೇಡ.”

ಇಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಇಳಿಯಲು ಹೊರಟಾಗ ಅರ್ಥವಾಯಿತು. ಹಲಗೆ ಕಾರಿನಿಂದ ಕುರ್ಚಿಗೆ ಏರಿನಲ್ಲಿತ್ತು. ಮೊದಲ ಸಲ ಅರ್ಧಕ್ಕೆ ಬಂದು ಹಿಂದೆ ಜಾರಿದರು. ಎರಡನೆಯ ಸಲ ಅಂಗಿ ಬೆನ್ನಿಗೆ ಅಂಟಿತು. ಮೂರನೆಯ ಸಲ ಅರ್ಧವೂ ಬರಲಾಗಲಿಲ್ಲ. ಗಡ್ಡ ಮಾಮ ಮುಂದೆ ಬಂದರು. “ಬೇಡ” ಅಂದರು ಅಪ್ಪ, ಹಲ್ಲು ಕಚ್ಚಿ. ಅಷ್ಟರಲ್ಲಿ ಗೇಟಿನಾಚೆ ಹೋಗುತ್ತಿದ್ದ ಅಂಕಲ್, ಅವತ್ತು ಎತ್ತಿದವರಲ್ಲಿ ಒಬ್ಬರು, ನಿಂತು “ಏನ್ರೀ, ಹಿಡೀಲಾ? ಇನ್ನಿಬ್ಬರನ್ನ ಕರೀಲಾ?” ಎಂದು ಕೇಳಿದರು. ಅಪ್ಪನ ಮುಖ ಕಲ್ಲಾಯಿತು.

“ಬೇಡ ಅಂಕಲ್, ಥ್ಯಾಂಕ್ಸ್. ನಾವು ಅಳತೆ ನೋಡ್ತಿದೀವಿ. ನೀವು ಹೊರಡಿ” ಅಂದೆ. ಹೊರಟರು.

ಟೇಪು ತಂದೆ. ಕಾರಿನ ಸೀಟು ಅಳೆದೆ, ಸರಿ ಇತ್ತು. ಕುರ್ಚಿ ಅಳೆದೆ. ಎರಡಿಂಚು ಹೆಚ್ಚು! ಕುರ್ಚಿ ಬೆಳೆಯುತ್ತದಾ? ಮತ್ತೆ ಅಳೆದೆ. ಟೇಪಿನ ತುದಿ ಮೆತ್ತೆಯ ಮೇಲಿತ್ತು.

ಮೆತ್ತೆ. ನಾನು ಅಳೆದದ್ದು ಭಾನುವಾರ. ಭಾನುವಾರ ಮೆತ್ತೆ ತಂತಿಯ ಮೇಲಿರುತ್ತದೆ.

“ಅಯ್ಯೋ ಅಪ್ಪಾ!” ಎಂದು ಕೂಗಿದೆ. ಕುರ್ಚಿಯಿಂದ ಮೆತ್ತೆ ಕಿತ್ತು ಬಿಸಾಡಿದೆ. ಹಲಗೆ ಸಮನಾಯಿತು, ನೀರು ನಿಲ್ಲುವಷ್ಟು ಸಮ. “ಈಗ ಬಾ! ಕೈ ಊರು, ಬಾ!” ಅಪ್ಪ ಬಂದರು. ಒಂದೇ ಉಸಿರಿಗೆ. ತಾವೇ. ಕುರ್ಚಿಯ ಎರಡೂ ತೋಳು ಹಿಡಿದು ಮೈಯೆತ್ತಿದರು, ಅಮ್ಮ ಮೆತ್ತೆಯನ್ನು ಕೆಳಗೆ ತೂರಿಸಿದಳು.

ಗಡ್ಡ ಮಾಮ ಬೆರಳು ಮಡಚುತ್ತಿದ್ದರು. “ಅಂದ್ರೆ ಇಳಿಸ್ಬೇಕಾಗಿದ್ದು ಒಂದೇ ಇಂಚು. ಚಕ್ರ ಒಂದೇ ಸಾಕಾಗಿತ್ತಲ್ಲೇ! ನನ್ನ ಒಂದು ದಿನದ ಬೆವರು, ಸ್ಪ್ರಿಂಗು...”

ಅಪ್ಪ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ, ಆಮೇಲೆ ಕಣ್ಣೊರೆಸಿಕೊಂಡು. “ಇಂಜಿನಿಯರು! ನಮ್ಮನೆ ಇಂಜಿನಿಯರು ಮೆತ್ತೆ ಒಣಗಾಕಿ ಕಾರು ಕೊಯ್ದಳು!” ಅಮ್ಮ ನಗುತ್ತಾ ಅಳುತ್ತಾ ಏನು ಮಾಡುತ್ತಿದ್ದಾಳೋ ಅವಳಿಗೇ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಗಬೇಕಿತ್ತು. ಹೇಗೋ ಆಗಲಿಲ್ಲ.

ಸಂಜೆಯೊಳಗೆ ಅಮ್ಮ ಹಳೆಯ ಹಾಸಿಗೆಯ ಸ್ಪಂಜು ಕತ್ತರಿಸಿ, ಯೂನಿಫಾರ್ಮಿನ ನೀಲಿ ಬಟ್ಟೆಯಲ್ಲಿ ಕಾರಿನ ಸೀಟಿಗೂ ಒಂದು ಮೆತ್ತೆ ಹೊಲಿದಳು. ಅದೇ ದಪ್ಪ. ಈಗ ಮೆತ್ತೆಯೂ ಮೆತ್ತೆಯೂ ಸಮ. ನಾನು ಅಡುಗೆಮನೆಗೆ ಹೋಗಿ ಎಲ್ಲರಿಗೂ ಟೀ ಮಾಡಿದೆ. ಸಕ್ಕರೆ ಯಾವ ಡಬ್ಬಿಯಲ್ಲಿದೆ ಎಂದು ಗೊತ್ತಿತ್ತು.

ಆಗಸ್ಟ್ 31, ಭಾನುವಾರ

ಕಾರು ನೋಡುವವರು ಹತ್ತು ಗಂಟೆಗೆ ಬರಬೇಕಿತ್ತು. ಒಂಬತ್ತೂವರೆಗೆ ಅಪ್ಪ, “ಗಾಳಿ ಕಡಿಮೆ ಅಂದಿದ್ನಲ್ಲ. ಲೈಸೆನ್ಸ್ ಇರೋರು ಒಬ್ಬರು ಪಕ್ಕದಲ್ಲಿ ಕೂರ್ಬೇಕು ತಾನೇ ನಿನಗೆ? ನಡಿ” ಅಂದರು. ಮೆತ್ತೆ ಒಗೆಯುವ ಕೆಲಸ ಇವತ್ತು ಇಲ್ಲ ಎಂದು ಅಮ್ಮ ಮೊದಲೇ ಘೋಷಿಸಿದ್ದಳು.

ಅಪ್ಪ ಜಾರಿ ಕೂತರು. ಕುರ್ಚಿ ಮಡಚಿ ಹಿಂದೆ ಇಟ್ಟೆ. ಸ್ಟಾರ್ಟ್ ಮಾಡಿದೆ.

“ಕ್ಲಚ್ಚು ನಿಧಾನ. ಅದಕ್ಕೂ ನೋವಾಗುತ್ತೆ.”

ಬೀದಿ ಕೊನೆಯ ಉಬ್ಬಿನಲ್ಲಿ ಕೆಳಗೆ ಕರ್ರ್ ಅಂತು. ಇಬ್ಬರೂ ಹಲ್ಲು ಕಚ್ಚಿದೆವು. “ನೇರ ಹತ್ತಿಸ್ಬೇಡ. ಓರೆಯಾಗಿ ಹೋಗು. ಒಂದೊಂದೇ ಗಾಲಿ.” ಓರೆಯಾಗಿ ಹೋದೆ. ಎಂಜಿನ್ ಒಂದು ಸಲವೂ ಆಫ್ ಆಗಲಿಲ್ಲ. ಹಾರನ್ ಹೊಡೆಯುವ ಕಡೆಯೆಲ್ಲ ಅಪ್ಪ ಕಿಟಕಿಯಿಂದ ಕೈ ಹಾಕಿ ದಾರಿ ಬಿಡಿಸಿದರು.

ಗಾಳಿ ಹಾಕುವವನು ಓಡಿ ಬಂದ. “ಅಣ್ಣಾ! ಎಷ್ಟು ದಿನ ಆಯ್ತು! ಊರಲ್ಲಿ ಇರ್ಲಿಲ್ವಾ?”

“ಇರ್ಲಿಲ್ಲ. ಈಗ ಬಂದೆ” ಅಂದರು ಅಪ್ಪ.

“ಇದೇನಣ್ಣಾ, ಚಕ್ರ ಇಷ್ಟು ಸಣ್ಣದು?”

“ಮಗಳ ಡಿಸೈನು. ನಿನಗೆ ಅರ್ಥ ಆಗಲ್ಲ. ನಾಲ್ಕಕ್ಕೂ ಸಮ ಹಾಕು.”

ಮನೆಗೆ ಬಂದಾಗ ಅಮ್ಮ ಒಬ್ಬಳೇ ಗೇಟಿನಲ್ಲಿ ನಿಂತಿದ್ದಳು. ಕಾರು ನೋಡುವವರು ಬಂದು ಹೋದರಂತೆ. ಕಾರು ಎಲ್ಲಿ ಎಂದು ಕೇಳಿದರಂತೆ. ಗಾಳಿ ಹಾಕಿಸಲು ಹೋಗಿದೆ ಅಂದಳಂತೆ. ಯಾರು ತೆಗೆದುಕೊಂಡು ಹೋದರು ಎಂದರಂತೆ. “ಇನ್ಯಾರು, ಕಾರಿನ ಯಜಮಾನರು ಅಂದೆ” ಎಂದು ಹೇಳುವಾಗ ಅಮ್ಮನ ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. “ಮಾರೋದಿಲ್ಲ ಅಂತ್ಲೂ ಅಂದೆ. ನೀವೇನಂತೀರಿ?” ಅಪ್ಪ ಇಳಿಯಲು ಹಲಗೆ ಕೇಳಿದರು.

ಕಿಲೋಮೀಟರು:

ಆಗಸ್ಟ್ 31. ಗಾಳಿ ಅಂಗಡಿ. 4. ಚಕ್ರ ಸಣ್ಣದು, ಮೀಟರು ಸ್ವಲ್ಪ ಜಾಸ್ತಿ ತೋರಿಸುತ್ತದೆ. ಅಪ್ಪ ಅಳಲಿಲ್ಲ. ನಾನು ಸ್ವಲ್ಪ.

ಅಪ್ಪಾ, ಪುಸ್ತಕವನ್ನು ಡಬ್ಬಿಗೆ ವಾಪಸ್ ಇಡುತ್ತಿದ್ದೇನೆ. ನೀನು ಓದುತ್ತೀಯ ಎಂದು ಗೊತ್ತು, ಓದು. ಎರಡು ವಿಷಯ ಕೇಳಬೇಕು. ಹಳೆಯ ಸ್ಪ್ರಿಂಗು ಗಡ್ಡ ಮಾಮನ ಹತ್ತಿರ ಭದ್ರವಾಗಿದೆ. ಅದನ್ನೇ ಹಾಕಿಸಿ ಅಮ್ಮನ ಹೊಸ ಮೆತ್ತೆ ತೆಗೆದುಬಿಡೋಣವಾ, ಅಥವಾ ಹೀಗೇ ತಗ್ಗಿನಲ್ಲಿ ಇದ್ದು ಉಬ್ಬುಗಳನ್ನು ಓರೆಯಾಗಿ ದಾಟೋಣವಾ? ಇನ್ನೊಂದು, ಜನವರಿ 4ರಂದು ಸೇತುವೆ ಪಕ್ಕ ಅರ್ಧ ಗಂಟೆ ಯಾಕೆ ನಿಲ್ಲಿಸಿದ್ದೆ? ಎಂಜಿನ್ ಬಿಸಿಯಾಗಿತ್ತು ಎಂದುಕೊಂಡಿದ್ದೆ. ಈ ಕಾರು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಬಿಸಿಯಾಗಿಲ್ಲ ಎಂದು ಗಡ್ಡ ಮಾಮ ಹೇಳುತ್ತಾರೆ. ಮುಂದಿನ ಭಾನುವಾರ ನಾನು ಓಡಿಸುತ್ತೇನೆ, ಆ ಸೇತುವೆಯವರೆಗೆ ಹೋಗಿ ಬರೋಣವಾ?

ಕೆಳಗೆ ಐದು ಗೆರೆ ಖಾಲಿ ಬಿಟ್ಟಿದ್ದೇನೆ. ಪೆನ್ನು ಬಾಚಣಿಗೆಯ ಪಕ್ಕದಲ್ಲಿದೆ. ಬೇಗ ಉತ್ತರ ಬರಿ.